ತೋಳಿಗೆ ಅಳತೆಯಿದೆ, ಕೋಲಿಗಿಲ್ಲ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಡಿಸ್ನಿ ಪಾರ್ಕಿನಲ್ಲಿ 2015ರ ಜೂನ್ ಕೊನೆಯ ವಾರ ಒಂದು ರೋಲರ್ ಕೋಸ್ಟರ್ ಸುಮಾರು ಒಂದು ಗಂಟೆ ಕಾಲ ನಿಂತುಹೋಯಿತು. ಯಂತ್ರ ಕೆಟ್ಟಿರಲಿಲ್ಲ, ಕರೆಂಟ್ ಹೋಗಿರಲಿಲ್ಲ. ಸವಾರಿಯ ನಡುವೆ ಯಾರೋ ಒಬ್ಬರು ಸೆಲ್ಫಿ ಸ್ಟಿಕ್ ಹೊರತೆಗೆದಿದ್ದರು. ಸಿಬ್ಬಂದಿ ಅದನ್ನು ಕಂಡು ಆಟವನ್ನೇ ನಿಲ್ಲಿಸಿದರು. ಅದೇ ವಾರ ಡಿಸ್ನಿ ಸಂಸ್ಥೆ ತನ್ನ ಪಾರ್ಕುಗಳೊಳಗೆ ಸೆಲ್ಫಿ ಸ್ಟಿಕ್ ತರುವುದನ್ನೇ ನಿಷೇಧಿಸಿತು. ಫ್ಲಾರಿಡಾ ಮತ್ತು ಕ್ಯಾಲಿಫೋರ್ನಿಯಾಗಳಲ್ಲಿ ಜೂನ್ 30ರಿಂದ, ಪ್ಯಾರಿಸ್ ಮತ್ತು ಹಾಂಗ್‌ಕಾಂಗ್‌ಗಳಲ್ಲಿ ಜುಲೈ 1ರಿಂದ ಈ ನಿಯಮ ಜಾರಿಗೆ ಬಂತು. ಥೀಮ್ ಪಾರ್ಕುಗಳನ್ನು ನಡೆಸುವ ಸಿಕ್ಸ್ ಫ್ಲ್ಯಾಗ್ಸ್ ಸಂಸ್ಥೆಯೂ ಸ್ವಲ್ಪ ದಿನದಲ್ಲೇ ಅದೇ ದಾರಿ ಹಿಡಿಯಿತು.

ಒಂದು ಮಡಿಸುವ ಕೋಲಿಗೆ ಇಷ್ಟು ದೊಡ್ಡ ನಿಷೇಧ ಬೇಕಿತ್ತೇ ಎಂದು ಆಗ ಅನೇಕರು ಕೇಳಿದರು. ಈಗಲೂ ಕೇಳುವವರಿದ್ದಾರೆ. ಸಾವಿರಾರು ರೂಪಾಯಿ ಕೊಟ್ಟು ಟಿಕೆಟ್ ಕೊಂಡು ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋದವರಿಗೆ ಎಲ್ಲರೂ ಒಂದೇ ಚಿತ್ರದಲ್ಲಿ ಬರಬೇಕೆಂಬ ಆಸೆ ಇರುವುದು ಸಹಜ. ಅದನ್ನು ಶೋಕಿ ಎಂದು ತಳ್ಳಿಹಾಕುವುದು ತಪ್ಪು. ಆದರೂ ಆ ನಿಷೇಧ ಸರಿಯಾಗಿತ್ತು, ಇಂದಿಗೂ ಸರಿಯಾಗಿದೆ. ಏಕೆ ಎಂದು ಅರಿಯಬೇಕಾದರೆ ಈ ಆಟಗಳನ್ನು ಕಟ್ಟುವವರು ಯಾವ ಅಳತೆ ಹಿಡಿದು ಕಟ್ಟುತ್ತಾರೆ ಎಂಬುದನ್ನು ಸ್ವಲ್ಪ ನೋಡಬೇಕು.

ಅಂದು ನಿಂತದ್ದು ಕ್ಯಾಲಿಫೋರ್ನಿಯಾ ಸ್ಕ್ರೀಮಿನ್ ಎಂಬ ಕೋಸ್ಟರ್. 2001ರಲ್ಲಿ ಶುರುವಾದದ್ದು, 2018ರಲ್ಲಿ ಇನ್‌ಕ್ರೆಡಿಕೋಸ್ಟರ್ ಎಂದು ಹೆಸರು ಬದಲಾಯಿತು. ಸುಮಾರು 1.8 ಕಿ.ಮೀ. ಉದ್ದದ ಉಕ್ಕಿನ ಹಳಿ. ನಿಂತ ಜಾಗದಿಂದ ಕೆಲವೇ ಸೆಕೆಂಡುಗಳಲ್ಲಿ ಗಂಟೆಗೆ 88 ಕಿ.ಮೀ. ವೇಗಕ್ಕೆ ಏರುತ್ತದೆ. ಒಂದು ಕಡೆ ಪೂರ್ತಿ ತಲೆಕೆಳಗಾಗುವ ಸುತ್ತು. ಸವಾರರ ಚೀರಾಟ ಸುತ್ತಲಿನ ವಸತಿ ಪ್ರದೇಶಕ್ಕೆ ಕೇಳಿಸದಿರಲೆಂದು ಹಳಿಯ ಕೆಲವು ಏರುಗಳ ಮೇಲೆ ಕೊಳವೆಯಂಥ ಮುಚ್ಚಿಗೆ ಕಟ್ಟಿದ್ದಾರೆ. ರೈಲು ಆ ಕೊಳವೆಯೊಳಗೆ ನುಗ್ಗಿ ಹೊರಬರುತ್ತದೆ. ತೋಳು ಎತ್ತಿ ಹಿಡಿದವರಿಗೂ ಅದರ ಗೋಡೆ ತಾಗುವುದಿಲ್ಲ. ತಾಗದಂತೆ ಮೊದಲೇ ಲೆಕ್ಕ ಹಾಕಿರುತ್ತಾರೆ.

ಎಲ್ಲ ವಿಷಯ ನಿಂತಿರುವುದು ಈ ಲೆಕ್ಕದ ಮೇಲೆ. ಕೋಸ್ಟರಿನ ವಿನ್ಯಾಸ ಮಾಡುವ ಎಂಜಿನಿಯರು ಸೀಟಿನಲ್ಲಿ ಕೂತ ಮನುಷ್ಯನ ಸುತ್ತ ಒಂದು ಖಾಲಿ ಜಾಗವನ್ನು ಗುರುತಿಸಿಕೊಳ್ಳುತ್ತಾರೆ. ಉದ್ದ ಕೈಕಾಲಿನ ವಯಸ್ಕ ವ್ಯಕ್ತಿ, ಸೊಂಟಕ್ಕೋ ಭುಜಕ್ಕೋ ಸೇಫ್ಟಿ ಬಾರ್ ಹಾಕಿಕೊಂಡು ಕೂತು, ಕೈಯನ್ನು ಮೇಲಕ್ಕೆ, ಪಕ್ಕಕ್ಕೆ, ಮುಂದಕ್ಕೆ ಚಾಚಿದರೆ ಬೆರಳ ತುದಿ ಎಲ್ಲಿಯವರೆಗೆ ಹೋಗಬಹುದು? ಅದರ ಮೇಲೆ ಇನ್ನೊಂದಿಷ್ಟು ಅಂತರ ಬಿಟ್ಟು ಎಲ್ಲೆ ಹಾಕುತ್ತಾರೆ. ಹಳಿಯುದ್ದಕ್ಕೂ ಎಲ್ಲೇ ಆಗಲಿ, ಆ ಎಲ್ಲೆಯೊಳಗೆ ಕಂಬ, ತೊಲೆ, ಗೋಡೆ, ಮರದ ಕೊಂಬೆ, ದೀಪ ಏನೂ ಬರಕೂಡದು. ಅಮೆರಿಕದ ಎಎಸ್‌ಟಿಎಂ ಎಂಬ ಸಂಸ್ಥೆಯ ಮಾನದಂಡಗಳಲ್ಲಿ ಇದನ್ನು ಕಡ್ಡಾಯದ ಅಂಶವಾಗಿ ಬರೆದಿದ್ದಾರೆ.

ಬರೆದ ಮೇಲೆ ಪರೀಕ್ಷೆಯೂ ಇದೆ. ಹೊಸ ಆಟ ತೆರೆಯುವ ಮುನ್ನ, ಅಥವಾ ಹಳಿಯ ಪಕ್ಕದಲ್ಲಿ ಹೊಸದೇನಾದರೂ ಕಟ್ಟಿದ ಮೇಲೆ, ಬೋಗಿಯ ಮೇಲೆ ಆ ಎಲ್ಲೆಯ ಆಕಾರದ ಒಂದು ಚೌಕಟ್ಟು ಕೂರಿಸಿ ಹಳಿಯುದ್ದಕ್ಕೂ ನಿಧಾನವಾಗಿ ಎಳೆಯುತ್ತಾರೆ. ಚೌಕಟ್ಟಿನ ತುದಿ ಎಲ್ಲಾದರೂ ತಾಗಿದರೆ ಅಲ್ಲಿ ಕೆಲಸ ಬಾಕಿಯಿದೆ ಎಂದರ್ಥ. ಎಲ್ಲೂ ತಾಗದೆ ಒಂದು ಸುತ್ತು ಮುಗಿಸಿತೆಂದರೆ, ಸವಾರರು ಕೈ ಎತ್ತಿ ಕೂಗಬಹುದು.

ಇನ್ನು ಕೋಲಿನ ಲೆಕ್ಕ ನೋಡಿ. ವಯಸ್ಕರ ತೋಳು ಹೆಚ್ಚುಕಡಿಮೆ ಮುಕ್ಕಾಲು ಮೀಟರು. ಮಾರುಕಟ್ಟೆಯಲ್ಲಿ ಸಿಗುವ ಸಾಧಾರಣ ಸೆಲ್ಫಿ ಸ್ಟಿಕ್ ಪೂರ್ತಿ ಬಿಚ್ಚಿದರೆ ಹತ್ತಿರ ಹತ್ತಿರ ಒಂದು ಮೀಟರು. ಅಂದರೆ ಕೋಲು ಹಿಡಿದವರ ತೋಳು ಒಮ್ಮೆಗೇ ಎರಡು ಪಟ್ಟಿಗಿಂತ ಉದ್ದವಾಗುತ್ತದೆ. ಎಂಜಿನಿಯರು ಇಟ್ಟ ಎಲ್ಲೆಯನ್ನು ಅದು ಕೂದಲೆಳೆಯಷ್ಟು ದಾಟುವುದಲ್ಲ, ಮೊಳದಷ್ಟು ದಾಟಿ ಹೋಗುತ್ತದೆ. ಚೌಕಟ್ಟು ಎಳೆದು ಪರೀಕ್ಷಿಸಿದ ಜಾಗದಿಂದ ಆಚೆಗೆ ಏನಿದೆ ಎಂಬುದಕ್ಕೆ ಯಾರೂ ಜವಾಬ್ದಾರಿ ಹೊತ್ತಿಲ್ಲ.

ಇಲ್ಲಿ ಸಾಮಾನ್ಯ ಸವಾರರಿಗೆ ತಿಳಿಯದ ಇನ್ನೊಂದು ಸಂಗತಿಯಿದೆ. ಕೋಸ್ಟರಿನ ರೋಮಾಂಚನ ಬರೀ ವೇಗದಿಂದ ಬರುವುದಲ್ಲ, ‘ಇನ್ನೇನು ತಗುಲಿತು’ ಎಂಬ ಭಯದಿಂದಲೂ ಬರುತ್ತದೆ. ತಲೆಯ ಮೇಲೆ ಹಾದುಹೋಗುವ ತೊಲೆ, ಪಕ್ಕದಲ್ಲೇ ಸರ್ರನೆ ಸರಿಯುವ ಕಂಬ, ಎದುರಿಗೆ ಬಂದು ಕೊನೆಯ ಕ್ಷಣದಲ್ಲಿ ತಪ್ಪುವ ಗೋಡೆ, ಇವನ್ನೆಲ್ಲ ಬೇಕೆಂದೇ ಎಲ್ಲೆಯ ಅಂಚಿಗೆ ಹತ್ತಿರವಾಗಿ ಇಟ್ಟಿರುತ್ತಾರೆ. ಸುರಕ್ಷಿತ ಅಂತರವಿದ್ದೂ ಇಲ್ಲದಂತೆ ಕಾಣಿಸುವುದೇ ವಿನ್ಯಾಸಕಾರರ ಕೌಶಲ. ಎರಡು ಮೂರು ಸಲ ಕೂತು ಬಂದವರಿಗೆ ‘ಹತ್ತಿರ ಕಾಣುತ್ತದೆ, ತಾಗುವುದಿಲ್ಲ’ ಎಂಬ ಧೈರ್ಯ ಬಂದುಬಿಡುತ್ತದೆ. ಬರಿಗೈಯವರಿಗೆ ಆ ಧೈರ್ಯ ಸರಿ. ಕೋಲು ಹಿಡಿದವರಿಗೆ ಅದೇ ಧೈರ್ಯ ಮೋಸ. ಚಿತ್ರ ಬಹಳ ಚೆನ್ನಾಗಿ ಬರುವುದೂ ಅಂಥ ಜಾಗದಲ್ಲೇ, ಕೋಲು ಬಡಿಯುವುದೂ ಅಂಥ ಜಾಗದಲ್ಲೇ.

ಬಡಿಯದಿದ್ದರೂ ಕೋಲು ಕೈಯಲ್ಲಿ ನಿಲ್ಲುವುದು ಕಷ್ಟ. ಕೋಸ್ಟರ್ ಇಳಿಜಾರಿನ ಬುಡದಲ್ಲಿ ತಿರುಗಿ ಮೇಲೇರುವಾಗ ನಮ್ಮ ಮೈ ಮೂರು ನಾಲ್ಕು ಪಟ್ಟು ಭಾರವಾದಂತಾಗುತ್ತದಲ್ಲ, ಕೈಯಲ್ಲಿರುವ ಫೋನಿಗೂ ಅದೇ ಅನ್ವಯ. 200 ಗ್ರಾಂ ತೂಕದ ಫೋನು ಆ ಕ್ಷಣ 800 ಗ್ರಾಂನಂತೆ ಎಳೆಯುತ್ತದೆ, ಅದೂ ಒಂದು ಮೀಟರ್ ದೂರದ ತುದಿಯಿಂದ. ಜೊತೆಗೆ ಎದುರುಗಾಳಿ. ಅಷ್ಟನ್ನೂ ತಡೆಯಬೇಕಾದದ್ದು ಮಣಿಕಟ್ಟು ಮತ್ತು ಫೋನನ್ನು ಕಚ್ಚಿ ಹಿಡಿದ ಒಂದು ಪ್ಲಾಸ್ಟಿಕ್ ಕ್ಲಿಪ್ಪು.

ಕ್ಲಿಪ್ಪು ಬಿಟ್ಟುಕೊಂಡರೆ? ಹಾರಿದ ಫೋನಿಗೆ ಆ ಕ್ಷಣ ರೈಲಿಗಿದ್ದ ವೇಗವೇ ಇರುತ್ತದೆ. 88 ಕಿ.ಮೀ. ವೇಗದಲ್ಲಿ 200 ಗ್ರಾಂ ಫೋನು, ಕೆಳಗೆ ನಿಂತವರಿಗೆ ಬಡಿದರೆ, ಗಂಟೆಗೆ ಸುಮಾರು 100 ಕಿ.ಮೀ. ವೇಗದಲ್ಲಿ ಎಸೆದ ಕ್ರಿಕೆಟ್ ಚೆಂಡಿನಷ್ಟು ಶಕ್ತಿಯಿಂದ ಬಡಿಯುತ್ತದೆ. ಬ್ಯಾಟ್ಸ್‌ಮನ್‌ಗೆ ಹೆಲ್ಮೆಟ್ ಇದೆ, ಚೆಂಡು ಬರುವ ದಿಕ್ಕು ಗೊತ್ತಿದೆ. ಕೆಳಗೆ ಸರತಿಯಲ್ಲಿ ನಿಂತ ಮಗುವಿಗೆ ಎರಡೂ ಇಲ್ಲ. ಚೆಂಡು ದುಂಡಗಿರುತ್ತದೆ, ಫೋನಿಗೆ ಮೂಲೆಗಳಿವೆ.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. ಫ್ಲಾರಿಡಾದ ಒರ್ಲಾಂಡೊದಲ್ಲಿರುವ ಯೂನಿವರ್ಸಲ್ ಪಾರ್ಕಿನಲ್ಲಿ ಡ್ರ್ಯಾಗನ್ ಚಾಲೆಂಜ್ ಎಂಬ ಜೋಡಿ ಕೋಸ್ಟರ್ ಇತ್ತು. ಎರಡು ರೈಲುಗಳನ್ನು ಒಟ್ಟಿಗೆ ಬಿಡುತ್ತಿದ್ದರು. ಕಾಲು ಕೆಳಗೆ ಜೋತುಬಿಟ್ಟು ಕೂತ ಸವಾರರು ಎದುರುಬದುರಾಗಿ ಧಾವಿಸಿ ಬಂದು, ಒಬ್ಬರ ಪಾದಕ್ಕೂ ಇನ್ನೊಬ್ಬರ ಪಾದಕ್ಕೂ ಒಂದೂವರೆ ಅಡಿಯಷ್ಟೇ ಅಂತರವಿರುವಂತೆ ಹಾದುಹೋಗುತ್ತಿದ್ದರು. ಆ ಆಟದ ಹೆಸರುವಾಸಿ ಕ್ಷಣವೇ ಅದು. 2011ರ ಬೇಸಿಗೆಯಲ್ಲಿ ಅಲ್ಲಿ ಸವಾರರಿಗೆ ಹಾರಿಬಂದ ವಸ್ತುಗಳು ತಗುಲಿ ಗಾಯಗಳಾದವು, ಒಬ್ಬರು ಕಣ್ಣು ಕಳೆದುಕೊಂಡರು. ಎದುರುಬದುರಾಗಿ ಬರುವಾಗ ಎರಡು ರೈಲುಗಳ ವೇಗವೂ ಕೂಡಿಕೊಳ್ಳುತ್ತದೆ, ಹಾಗಾಗಿ ಚಿಲ್ಲರೆ ಕಾಸಿನಂಥ ಸಣ್ಣ ವಸ್ತುವೂ ಅಲ್ಲಿ ಸಣ್ಣದಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಯೂನಿವರ್ಸಲ್ ಎರಡು ರೈಲುಗಳನ್ನು ಒಟ್ಟಿಗೆ ಬಿಡುವುದನ್ನೇ ಕೈಬಿಟ್ಟಿತು. 2017ರಲ್ಲಿ ಆಟವನ್ನು ಪೂರ್ತಿ ಮುಚ್ಚಿತು. ಜೇಬಿನಲ್ಲಿ ಏನೋ ಇಟ್ಟುಕೊಂಡು ಕೂತವರಿಂದಾಗಿ ಜಗತ್ತಿನ ಒಂದು ವಿಶಿಷ್ಟ ಕೋಸ್ಟರ್ ತನ್ನ ವಿಶೇಷವನ್ನೇ ಕಳೆದುಕೊಂಡಿತು. ಆಗಿನ್ನೂ ಸೆಲ್ಫಿ ಸ್ಟಿಕ್ಕಿನ ಭರಾಟೆ ಶುರುವಾಗಿರಲಿಲ್ಲ ಎಂಬುದನ್ನು ಗಮನಿಸಿ.

ಬಿದ್ದ ವಸ್ತುವಿನಿಂದ ಇನ್ನೊಂದು ಅಪಾಯವಿದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಸಂಕಟದ ಸಂಗತಿ ಇದೇ. ವಸ್ತು ಯಾರಿಗೂ ತಾಗದೆ ನೆಲಕ್ಕೆ ಬಿತ್ತು ಎಂದುಕೊಳ್ಳಿ. ಅದರ ಯಜಮಾನರಿಗೆ ಅದು ಬೇಕು. ಬೇಲಿಯಾಚೆ ಹುಲ್ಲಿನ ಮೇಲೆ ಬಿದ್ದಿರುವುದು ಕಣ್ಣಿಗೆ ಕಾಣುತ್ತಿದೆ. ಅಮೆರಿಕದ ಓಹಾಯೊ ರಾಜ್ಯದ ಸೀಡರ್ ಪಾಯಿಂಟ್ ಪಾರ್ಕಿನಲ್ಲಿ 2015ರ ಆಗಸ್ಟ್‌ನಲ್ಲಿ, ಅಂದರೆ ಡಿಸ್ನಿಯ ನಿಷೇಧ ಬಂದು ಎರಡು ತಿಂಗಳೊಳಗೆ, ರ್‍ಯಾಪ್ಟರ್ ಎಂಬ ಕೋಸ್ಟರಿನಿಂದ ಇಳಿದ ವ್ಯಕ್ತಿಯೊಬ್ಬರು ಕಳೆದುಹೋದ ಫೋನು ಹುಡುಕಲು ಬೇಲಿ ದಾಟಿ ಹೋದರು. ಮುಂದಿನ ರೈಲು ಬಡಿದು ಅಲ್ಲೇ ತೀರಿಕೊಂಡರು. ಅದೇ ರಾಜ್ಯದ ಕಿಂಗ್ಸ್ ಐಲೆಂಡ್ ಪಾರ್ಕಿನಲ್ಲಿ 2024ರ ಜೂನ್‌ನಲ್ಲಿ ಇನ್ನೊಬ್ಬರು ಬ್ಯಾನ್‌ಶೀ ಎಂಬ ಕೋಸ್ಟರಿನ ಕೆಳಗಿನ ನಿಷೇಧಿತ ಜಾಗಕ್ಕೆ ಹೋದರು. ಹುಡುಕಲು ಹೋದದ್ದು ಬೀಗದ ಕೈಗಳನ್ನು. ಅವರೂ ಉಳಿಯಲಿಲ್ಲ. ಈ ಎರಡೂ ಕೋಸ್ಟರುಗಳಲ್ಲಿ ಬೋಗಿ ಹಳಿಯ ಕೆಳಗೆ ತೂಗುತ್ತದೆ, ಸವಾರರ ಕಾಲುಗಳು ಗಾಳಿಯಲ್ಲಿ ಇಳಿಬಿದ್ದಿರುತ್ತವೆ. ಕೆಳಗೆ ನಿಂತವರಿಗೆ ಹಳಿ ಎಷ್ಟೋ ಎತ್ತರದಲ್ಲಿ ಕಾಣುತ್ತದೆ. ಆದರೆ ರೈಲು ಬರುವುದು ಹಳಿಗಿಂತ ಕೆಳಗೆ, ಮನುಷ್ಯರ ತಲೆಯ ಮಟ್ಟದಲ್ಲಿ. ಬೇಲಿ ಹಾಕಿರುವುದು ಅದಕ್ಕೇ.

ಬೀಗದ ಕೈಗಾಗಿ, ಫೋನಿಗಾಗಿ ಜೀವ ಹೋಗುವುದಾದರೆ, ಜೋಡಿಯಾಗಿ ಬೀಳುವ ಫೋನು ಮತ್ತು ಕೋಲಿಗಾಗಿಯೂ ಹೋದೀತು. ನಿಯಮ ಮಾಡುವವರ ಮನಸ್ಸಿನಲ್ಲಿ ಇದೂ ಇರುತ್ತದೆ.

ಹಾಗಾದರೆ ಒಂದು ಕೋಲು ಕಂಡ ಮಾತ್ರಕ್ಕೆ ಒಂದು ಗಂಟೆ ಹೊತ್ತು ಆಟ ನಿಲ್ಲುವುದೇಕೆ? ಬಸ್ಸಿನ ಹಾಗೆ ಕೋಸ್ಟರಿನಲ್ಲಿ ಡ್ರೈವರ್ ಇಲ್ಲ. ರೈಲ್ವೆಯಲ್ಲಿರುವಂತೆಯೇ ಇಲ್ಲೂ ಹಳಿಯನ್ನು ಬ್ಲಾಕುಗಳಾಗಿ ಭಾಗ ಮಾಡಿರುತ್ತಾರೆ. ಒಂದು ಬ್ಲಾಕಿನಲ್ಲಿ ಒಂದೇ ರೈಲು ಇರಬೇಕು, ಮುಂದಿನ ಬ್ಲಾಕು ಖಾಲಿಯಾಗುವ ತನಕ ಹಿಂದಿನ ರೈಲು ಅದರೊಳಗೆ ಬರುವಂತಿಲ್ಲ. ಒಂದು ರೈಲನ್ನು ನಿಲ್ಲಿಸಿದರೆ ಅದರ ಹಿಂದಿನ ರೈಲುಗಳೂ ತಮ್ಮ ತಮ್ಮ ಬ್ರೇಕಿನ ಜಾಗದಲ್ಲಿ ನಿಲ್ಲುತ್ತವೆ. ಕೆಲವು ರೈಲುಗಳು ಎತ್ತರದಲ್ಲಿ ನಿಂತಿದ್ದರೆ ಸಿಬ್ಬಂದಿ ಪಕ್ಕದ ಮೆಟ್ಟಿಲು ಹತ್ತಿ ಹೋಗಿ ಸವಾರರನ್ನು ಒಬ್ಬೊಬ್ಬರನ್ನಾಗಿ ಇಳಿಸಬೇಕಾಗಬಹುದು. ಮತ್ತೆ ಶುರುಮಾಡುವ ಮೊದಲು ಹಳಿಯ ಮೇಲೆ ಏನಾದರೂ ಬಿದ್ದಿದೆಯೇ ಎಂದು ನೋಡಬೇಕು, ಖಾಲಿ ರೈಲು ಓಡಿಸಿ ಪರೀಕ್ಷಿಸಬೇಕು. ಒಬ್ಬರ ಹತ್ತು ಸೆಕೆಂಡಿನ ವಿಡಿಯೊಗೆ ನೂರಾರು ಜನ ಬಿಸಿಲಿನಲ್ಲಿ ಕಾಯಬೇಕು.

ಸರಿ, ರೋಲರ್ ಕೋಸ್ಟರಿನಲ್ಲಿ ಬೇಡ, ಒಪ್ಪೋಣ. ಪಾರ್ಕಿನ ದಾರಿಯಲ್ಲಿ, ಕಾರಂಜಿಯ ಮುಂದೆ, ಹೋಟೆಲಿನ ಮೇಜಿನಲ್ಲಿ ಏಕೆ ಬೇಡ? ನಿಷೇಧವನ್ನು ವಿರೋಧಿಸುವವರ ಬಲವಾದ ವಾದ ಇದು. ಇದಕ್ಕೆ ಉತ್ತರ ಭೌತವಿಜ್ಞಾನದಲ್ಲಿಲ್ಲ, ಜನರ ನಡವಳಿಕೆಯಲ್ಲಿದೆ. 2015ರ ಮೊದಲು ಡಿಸ್ನಿಯಲ್ಲಿ ಇದ್ದದ್ದು ಅಂಥ ಅರೆ ನಿಯಮವೇ. ಪಾರ್ಕಿನೊಳಗೆ ತರಬಹುದಿತ್ತು, ಆಟಗಳಲ್ಲಿ ಬಳಸುವಂತಿರಲಿಲ್ಲ. ಕೆಲವು ಆಟಗಳ ಮುಂದೆ ಫಲಕವನ್ನೂ ಹಾಕಿದ್ದರು. ಆದರೂ ಕೋಲು ಹೊರಬರುತ್ತಲೇ ಇತ್ತು. ಮಡಿಸಿದರೆ ಅದು ಗೇಣುದ್ದ, ಜೇಬಿಗೂ ವ್ಯಾನಿಟಿ ಬ್ಯಾಗಿಗೂ ಹಿಡಿಸುತ್ತದೆ. ಸೀಟಿನಲ್ಲಿ ಕೂತು ಬಾರ್ ಬಿಗಿದ ಮೇಲೆ ಸಿಬ್ಬಂದಿಗೆ ನೋಡಲು ಸಿಗುವುದು ಕೆಲವು ಸೆಕೆಂಡು. ಆ ಹೊತ್ತಿನಲ್ಲಿ ಅವರು ನೋಡಬೇಕಾದದ್ದು ಪ್ರತಿಯೊಬ್ಬರ ಬಾರ್ ಸರಿಯಾಗಿ ಬಿಗಿದಿದೆಯೇ ಎಂಬುದನ್ನು, ಚೀಲದಲ್ಲಿ ಏನಿದೆ ಎಂಬುದನ್ನಲ್ಲ. ಆ ಗಮನವನ್ನು ಕೋಲು ಹುಡುಕುವುದಕ್ಕೆ ತಿರುಗಿಸಿದರೆ ಅದೇ ಹೊಸ ಅಪಾಯ.

ಪಾರ್ಕಿನ ಮುಖ್ಯ ಬಾಗಿಲಿನಲ್ಲಿ ಹೇಗೂ ಚೀಲ ತಪಾಸಣೆ ನಡೆಯುತ್ತದೆ. ಅಲ್ಲೇ ತಡೆದರೆ ಒಂದು ಸಲ ಹೇಳಿದರಾಯಿತು, ಪ್ರತಿ ಆಟದ ಮುಂದೆ ವಾದ ಮಾಡುವುದು ತಪ್ಪುತ್ತದೆ. ಡಿಸ್ನಿ ಮಾಡಿದ್ದೂ ಇದನ್ನೇ. ಕೋಲು ಸಿಕ್ಕರೆ ಕಸಿದುಕೊಳ್ಳಲಿಲ್ಲ. ಕೌಂಟರಿನಲ್ಲಿ ಇಟ್ಟು ಹೋಗುವಾಗ ತೆಗೆದುಕೊಳ್ಳಿ, ಇಲ್ಲವೇ ಕಾರಿನಲ್ಲೋ ಹೋಟೆಲಿನಲ್ಲೋ ಇಟ್ಟು ಬನ್ನಿ ಎಂದರು. ನಿಯಮ ಕಠಿಣ, ನಡೆಸಿಕೊಳ್ಳುವ ರೀತಿ ಮೃದು. ಈ ಎರಡೂ ಜೊತೆಯಾಗಿದ್ದರಿಂದಲೇ ಅದು ಉಳಿದುಕೊಂಡಿತು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಆಕ್ಷೇಪವೂ ಇದೆ: ಜನ ತಾವೇ ಫೋಟೊ ತೆಗೆದುಕೊಂಡರೆ ಪಾರ್ಕಿನ ಫೋಟೊ ಮಾರಾಟವಾಗುವುದಿಲ್ಲ, ನಿಷೇಧದ ಒಳಮರ್ಮ ಅದೇ ಎಂಬುದು. ಡಿಸ್ನಿಗೆ ಫೋಟೊಪಾಸ್ ಎಂಬ ಹಣದ ಸೇವೆ ಇರುವುದು ನಿಜ, ಆಟಗಳಲ್ಲಿ ತೆಗೆದ ಚಿತ್ರಗಳನ್ನು ಮಾರುವುದೂ ನಿಜ. ಅನುಮಾನ ಬರುವುದು ಸಹಜ. ಆದರೆ ಅಲ್ಲಿನ ಫೋಟೊಗ್ರಾಫರುಗಳು ಕೇಳಿದರೆ ನಿಮ್ಮ ಫೋನಿನಲ್ಲೇ ಚಿತ್ರ ತೆಗೆದುಕೊಡುತ್ತಾರೆ, ದುಡ್ಡಿಲ್ಲದೆ. ಕೋಲಿಲ್ಲದೆ ಕೈಯಲ್ಲಿ ಫೋನು ಹಿಡಿದು ಸೆಲ್ಫಿ ತೆಗೆದುಕೊಳ್ಳುವುದಕ್ಕೂ ಪಾರ್ಕಿನ ಅಂಗಳದಲ್ಲಿ ಅಡ್ಡಿಯಿಲ್ಲ. ಇನ್ನು ಆಟದಲ್ಲಿರುವ ಕ್ಯಾಮೆರಾವನ್ನು ಕಂಬಕ್ಕೆ ಬಿಗಿದಿರುತ್ತಾರೆ, ಅದನ್ನು ಇಡುವಾಗಲೇ ಎಲ್ಲೆಯ ಲೆಕ್ಕ ನೋಡಿರುತ್ತಾರೆ. ಹೀಗಾಗಿ ವ್ಯಾಪಾರದ ವಾದಕ್ಕೆ ಹೆಚ್ಚು ಬಲವಿಲ್ಲ. ಒಬ್ಬರೇ ಪ್ರವಾಸ ಹೋಗುವವರು, ಅಪರಿಚಿತರ ಕೈಗೆ ಫೋನು ಕೊಡಲು ಅಂಜುವವರು, ಗಾಲಿಕುರ್ಚಿಯಲ್ಲಿ ಕೂತೇ ಚಿತ್ರ ತೆಗೆಯಬೇಕಾದವರು, ಇವರ ಕಷ್ಟ ಮಾತ್ರ ನಿಜವಾದದ್ದು. ಪಾರ್ಕಿನವರು ಫೋಟೊ ತೆಗೆದುಕೊಡುವ ಸಿಬ್ಬಂದಿಯನ್ನು ಅಲ್ಲಲ್ಲಿ ನಿಲ್ಲಿಸುವುದು ಇವರಿಗಾಗಿ ಮಾಡಲೇಬೇಕಾದ ಕೆಲಸ, ಉಪಕಾರವಲ್ಲ.

ಸೆಲ್ಫಿ ಸ್ಟಿಕ್ ಹೊಸದೆಂದು ನಾವು ಭಾವಿಸುತ್ತೇವೆ. ಆದರೆ ಜಪಾನಿನ ಮಿನೋಲ್ಟಾ ಕಂಪನಿಯ ಹಿರೋಶಿ ಉಎಡಾ ಮತ್ತು ಯುಜಿರೊ ಮಿಮಾ 1983ರಲ್ಲೇ ಇಂಥದ್ದೊಂದು ಕೋಲಿನ ಪೇಟೆಂಟ್‌ಗೆ ಅರ್ಜಿ ಹಾಕಿದ್ದರು. ಅದು ಆಗ ಓಡಲಿಲ್ಲ. ಫೋನಿನ ಮುಂಭಾಗಕ್ಕೆ ಕ್ಯಾಮೆರಾ ಬಂದ ಮೇಲೆ, 2014ರ ಹೊತ್ತಿಗೆ, ಅದೇ ಕೋಲು ಜಗತ್ತಿನ ತುಂಬ ಹರಡಿತು. ಟೈಮ್ ಪತ್ರಿಕೆ ಆ ವರ್ಷದ ಉತ್ತಮ ಆವಿಷ್ಕಾರಗಳ ಪಟ್ಟಿಯಲ್ಲಿ ಅದನ್ನು ಸೇರಿಸಿತು. ಮರುವರ್ಷವೇ ನಿಷೇಧಗಳು ಸಾಲುಗಟ್ಟಿದವು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್, ಲಂಡನ್ನಿನ ನ್ಯಾಷನಲ್ ಗ್ಯಾಲರಿ ಕೋಲನ್ನು ಹೊರಗಿಟ್ಟದ್ದು ಕಲಾಕೃತಿಗಳಿಗೆ ತಾಗೀತೆಂದು, ಇತರ ನೋಡುಗರಿಗೆ ತೊಂದರೆಯಾದೀತೆಂದು. ವಿಂಬಲ್ಡನ್‌ನಲ್ಲಿ ಬೇಡವೆಂದದ್ದು ಇತರ ಪ್ರೇಕ್ಷಕರಿಗೆ ಕಿರಿಕಿರಿಯಾಗದಿರಲೆಂದು. ಥೀಮ್ ಪಾರ್ಕಿನ ಕಾರಣವೇ ಬೇರೆ. ಎಲ್ಲ ನಿಷೇಧಗಳನ್ನೂ ಒಂದೇ ಬುಟ್ಟಿಗೆ ಹಾಕಿ ‘ಸೆಲ್ಫಿ ವಿರೋಧಿ ಮನೋಭಾವ’ ಎನ್ನುವವರು ಈ ವ್ಯತ್ಯಾಸವನ್ನು ನೋಡುವುದಿಲ್ಲ.

ಸೆಲ್ಫಿ ಸಾವುಗಳ ಚರ್ಚೆಯನ್ನೂ ಇದರೊಡನೆ ಬೆರೆಸಬಾರದು. 2011ರ ಅಕ್ಟೋಬರಿನಿಂದ 2017ರ ನವೆಂಬರ್ ತನಕದ ಸುದ್ದಿ ವರದಿಗಳನ್ನು ಕಲೆಹಾಕಿ ಭಾರತೀಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಜಗತ್ತಿನಲ್ಲಿ 259 ಸಾವುಗಳನ್ನು ಗುರುತಿಸಿತು. ಅರ್ಧಕ್ಕಿಂತ ಹೆಚ್ಚು ನಮ್ಮ ದೇಶದವು. ನೀರಿನಲ್ಲಿ ಮುಳುಗಿದವರು, ರೈಲಿಗೆ ಸಿಕ್ಕಿದವರು, ಎತ್ತರದಿಂದ ಬಿದ್ದವರೇ ಅದರಲ್ಲಿ ಹೆಚ್ಚು. 2023ರ ಮಳೆಗಾಲದಲ್ಲಿ ಕೊಲ್ಲೂರಿನ ಬಳಿಯ ಅರಿಶಿನಗುಂಡಿ ಜಲಪಾತದಲ್ಲಿ ಕಾಲು ಜಾರಿ ಕೊಚ್ಚಿಹೋದ ಯುವಕನ ವಿಡಿಯೊ ನಮ್ಮಲ್ಲಿ ಎಷ್ಟೋ ಜನ ನೋಡಿದ್ದಾರೆ. ಅಲ್ಲಿ ಕೋಲಿನ ಮಾತೇ ಇಲ್ಲ, ಪಾಚಿ ಕಟ್ಟಿದ ಬಂಡೆಯೇ ಅಪಾಯ. ಅಲ್ಲಿಗೆ ಬೇಕಾದದ್ದು ಬೇಲಿ, ಕಾವಲು, ಮಳೆಗಾಲದಲ್ಲಿ ಪ್ರವೇಶ ನಿರ್ಬಂಧ. ಕೋಲು ನಿಷೇಧಿಸಿ ಜಲಪಾತದ ಕೆಲಸ ಮುಗಿಸಿದೆವು ಎನ್ನುವ ಅಧಿಕಾರಿ ಯಾರನ್ನೂ ಉಳಿಸಲಾರರು.

ನಮ್ಮ ಊರುಗಳ ಕಡೆ ನೋಡಿದರೆ ಥೀಮ್ ಪಾರ್ಕುಗಳಿಗಿಂತ ಜಾತ್ರೆಯ ಆಟಗಳೇ ಹೆಚ್ಚು ಜನರಿಗೆ ಗೊತ್ತು. ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ, ಊರೂರಿನ ರಥೋತ್ಸವದ ಬಯಲಿನಲ್ಲಿ ಜೈಂಟ್ ವೀಲ್, ಕೊಲಂಬಸ್, ಬ್ರೇಕ್ ಡಾನ್ಸ್‌ಗಳು ನಿಲ್ಲುತ್ತವೆ. ಕೆಲವು ದಿನಕ್ಕೆ ಬಿಚ್ಚಿ ಜೋಡಿಸುವ ಯಂತ್ರಗಳು ಇವು. ಪಕ್ಕದಲ್ಲಿ ಬಲ್ಬಿನ ಸರ, ಫ್ಲೆಕ್ಸಿನ ಕಂಬ, ವಿದ್ಯುತ್ ತಂತಿ. ಜೈಂಟ್ ವೀಲಿನ ತೊಟ್ಟಿಲಲ್ಲಿ ಕೂತು, ಮೇಲಿನ ಜಾಗ ಬಂದಾಗ ಊರೆಲ್ಲ ಕಾಣುವ ಚಿತ್ರ ತೆಗೆಯಬೇಕೆಂದು ಲೋಹದ ಕೋಲು ಚಾಚುವವರಿಗೆ ಅಲ್ಲಿ ಯಾರ ಎಲ್ಲೆಯ ಲೆಕ್ಕವೂ ರಕ್ಷಣೆಗೆ ಬರುವುದಿಲ್ಲ.

ಮನುಷ್ಯನ ಮೈಯಿಂದ ಆಚೆಗೆ ಚಾಚಿಕೊಳ್ಳುವುದೆಲ್ಲ ಇದೇ ಸಾಲಿಗೆ ಸೇರುತ್ತದೆ. 2018ರಲ್ಲಿ ಹರಿಯಾಣದ ಪಿಂಜೋರಿನಲ್ಲಿ, 2020ರಲ್ಲಿ ಹೈದರಾಬಾದಿನಲ್ಲಿ ಗೋ-ಕಾರ್ಟ್ ಸವಾರಿಗೆ ಹೋದ ಯುವತಿಯರ ಕೂದಲು ಯಂತ್ರದ ಭಾಗಕ್ಕೆ ಸಿಕ್ಕಿ ಜೀವ ಹೋಯಿತು. ದುಪಟ್ಟಾ, ಸೆರಗು, ಬಿಚ್ಚಿದ ಜಡೆ, ಕುತ್ತಿಗೆಗೆ ನೇತುಹಾಕಿದ ಫೋನಿನ ದಾರ, ಕೋಲು, ಇವೆಲ್ಲ ಯಂತ್ರದ ಕಣ್ಣಿಗೆ ಒಂದೇ. ಜಡೆಯನ್ನು ಕಟ್ಟಿ ಬನ್ನಿ ಎನ್ನುವ ಆಪರೇಟರನ್ನು ಯಾರೂ ಸ್ವಾತಂತ್ರ್ಯದ ವೈರಿ ಎನ್ನುವುದಿಲ್ಲ. ಕೋಲು ಇಟ್ಟು ಬನ್ನಿ ಎಂದಾಗಲೂ ಅದೇ ದೃಷ್ಟಿಯಿಂದ ನೋಡಬೇಕು.

ಆದರೆ ನಿಯಮವನ್ನು ಸಂದರ್ಶಕರ ಮೇಲೆ ಮಾತ್ರ ಹೊರಿಸಿ ಪಾರ್ಕಿನವರು ಕೈತೊಳೆದುಕೊಳ್ಳುವುದಕ್ಕೆ ಬಿಡಬಾರದು. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿಯ ಪಾರ್ಕಿನಲ್ಲಿ ತೂಗುವ ಆಟವೊಂದು ಮುರಿದುಬಿದ್ದು ಇಬ್ಬರು ಸತ್ತರು, ಹಲವರು ಗಾಯಗೊಂಡರು. ಅಲ್ಲಿ ಸವಾರರ ತಪ್ಪೇನೂ ಇರಲಿಲ್ಲ. ಯಂತ್ರದ ತಪಾಸಣೆ, ಬೋಲ್ಟು ವೆಲ್ಡಿಂಗುಗಳ ಪರೀಕ್ಷೆ, ಆಪರೇಟರುಗಳ ತರಬೇತಿ, ಇವು ಕೋಲಿನ ನಿಷೇಧಕ್ಕಿಂತ ನೂರು ಪಾಲು ಮುಖ್ಯ. ಗೇಟಿನಲ್ಲಿ ಕೋಲು ಹಿಡಿದುಕೊಳ್ಳುವ ಪಾರ್ಕು ತನ್ನ ಯಂತ್ರದ ತಪಾಸಣೆ ಪತ್ರವನ್ನೂ ಆಟದ ಮುಂದೆ ಜನರಿಗೆ ಕಾಣುವಂತೆ ಹಾಕಬೇಕು.

ಲಾಕರಿನ ವಿಷಯ ಬಹಳ ಮುಖ್ಯ. ‘ಸಾಮಾನು ಇಟ್ಟು ಬನ್ನಿ’ ಎನ್ನುವುದು ಸುಲಭ. ಎಲ್ಲಿ ಇಡಬೇಕು? ನಮ್ಮಲ್ಲಿ ಪಾರ್ಕಿಗೆ ಹೋದ ಕುಟುಂಬಗಳಲ್ಲಿ ಸಾಮಾನ್ಯವಾಗಿ ಕಾಣುವ ದೃಶ್ಯವೆಂದರೆ, ಎಲ್ಲರ ಫೋನು, ಪರ್ಸು, ಕನ್ನಡಕ, ಚಪ್ಪಲಿಗಳನ್ನು ಕಾಯಲು ಮನೆಯ ಹಿರಿಯ ಹೆಂಗಸೊಬ್ಬರು ಬೆಂಚಿನ ಮೇಲೆ ಕೂತಿರುವುದು. ಅವರೂ ಟಿಕೆಟ್ ಕೊಂಡೇ ಒಳಗೆ ಬಂದಿದ್ದಾರೆ. ಲಾಕರ್ ಗೇಟಿನ ಬಳಿ ಇದ್ದು, ಅದಕ್ಕೂ ಬಾಡಿಗೆ ಇದ್ದರೆ, ಜನ ಬಾಡಿಗೆ ಉಳಿಸಲು ಫೋನನ್ನು ಜೇಬಿನಲ್ಲೇ ಇಟ್ಟುಕೊಂಡು ಆಟಕ್ಕೆ ಹತ್ತುತ್ತಾರೆ. ಒರ್ಲಾಂಡೊದ ಯೂನಿವರ್ಸಲ್‌ನಲ್ಲಿ ದೊಡ್ಡ ಕೋಸ್ಟರುಗಳ ಪಕ್ಕದಲ್ಲೇ ಸಣ್ಣ ಲಾಕರುಗಳನ್ನು ಸವಾರಿಯ ಹೊತ್ತಿಗೆ ಉಚಿತವಾಗಿ ಕೊಡುತ್ತಾರೆ. ನಂತರ ಮೆಟಲ್ ಡಿಟೆಕ್ಟರ್ ಇಟ್ಟು ಜೇಬು ಖಾಲಿಯಿದೆಯೇ ಎಂದು ನೋಡುತ್ತಾರೆ. ಈ ಕ್ರಮವೇ ಸರಿ. ಮೊದಲು ಇಡಲು ಜಾಗ ಕೊಡಬೇಕು, ಆಮೇಲೆ ಇಟ್ಟು ಬಂದಿದ್ದಾರೆಯೇ ಎಂದು ಕೇಳಬೇಕು.

ಫಲಕದ ಭಾಷೆಯೂ ಅಷ್ಟೇ. ಇಂಗ್ಲಿಷಿನಲ್ಲಿ ಹದಿನೈದು ನಿಯಮಗಳನ್ನು ಸಣ್ಣಕ್ಷರದಲ್ಲಿ ಬರೆದ ಫಲಕವನ್ನು ಸರತಿಯಲ್ಲಿ ನಿಂತವರು ಓದುವುದಿಲ್ಲ. ‘ಕೈಯಲ್ಲಿ, ಜೇಬಿನಲ್ಲಿ ಏನೂ ಇರಬಾರದು, ಹಾರಿ ಬೇರೆಯವರಿಗೆ ಬಡಿಯುತ್ತದೆ’ ಎಂದು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದರೆ ಸಾಕು. ಕಾರಣ ಹೇಳಿದ ನಿಯಮವನ್ನು ಜನ ಪಾಲಿಸುತ್ತಾರೆ. ಬಿದ್ದ ವಸ್ತುವಿಗೆ ಏನು ಮಾಡಬೇಕೆಂದೂ ಅಲ್ಲೇ ಬರೆಯಬೇಕು. ಯಾರಿಗೆ ಹೇಳಬೇಕು, ಯಾವಾಗ ತೆಗೆದುಕೊಡುತ್ತಾರೆ ಎಂಬುದು ಗೊತ್ತಿದ್ದವರು ಬೇಲಿ ಹಾರುವುದು ಕಡಿಮೆ.

ಈಗ ಸಾದಾ ಸೆಲ್ಫಿ ಸ್ಟಿಕ್ಕಿನ ಹುಚ್ಚು ಇಳಿದಿದೆ. ಫೋನಿನ ಕ್ಯಾಮೆರಾಗಳೇ ಅಗಲವಾಗಿ ನೋಡತೊಡಗಿವೆ. ಅದರ ಜಾಗಕ್ಕೆ ಸುತ್ತಲೂ ಚಿತ್ರ ಹಿಡಿಯುವ 360 ಡಿಗ್ರಿ ಕ್ಯಾಮೆರಾಗಳು ಬಂದಿವೆ. ಅವುಗಳ ಕೋಲು ಹಳೆಯದಕ್ಕಿಂತ ಉದ್ದ, ಮೂರು ಮೀಟರಿನವೂ ಸಿಗುತ್ತವೆ. ವಿಡಿಯೊದಲ್ಲಿ ಕೋಲು ಕಾಣದಂತೆ ಸಾಫ್ಟ್‌ವೇರ್ ಅಳಿಸಿಬಿಡುತ್ತದೆ. ನೋಡುವ ಹುಡುಗರಿಗೆ ಕ್ಯಾಮೆರಾ ಗಾಳಿಯಲ್ಲಿ ತಾನಾಗಿ ತೇಲಿದಂತೆ ಅನಿಸುತ್ತದೆ, ತಾವೂ ಹಾಗೆ ಮಾಡಬೇಕೆನಿಸುತ್ತದೆ. ಹೀಗಾಗಿ 2015ರ ನಿಯಮ ಹಳತಾಗಿಲ್ಲ.

ರಜೆಯಲ್ಲಿ ಮಕ್ಕಳನ್ನು ಪಾರ್ಕಿಗೋ ಜಾತ್ರೆಗೋ ಕರೆದುಕೊಂಡು ಹೋಗುವವರಲ್ಲಿ ಒಂದು ವಿನಂತಿ. ಚಿತ್ರಗಳನ್ನು ನೆಲದ ಮೇಲೆ ನಿಂತು ಬೇಕಾದಷ್ಟು ತೆಗೆದುಕೊಳ್ಳಿ. ಹತ್ತಿರದವರನ್ನು ಕೇಳಿದರೆ ತೆಗೆದುಕೊಡುತ್ತಾರೆ. ಆಟಕ್ಕೆ ಹತ್ತುವ ಮೊದಲು ನಿಮ್ಮ ಜೇಬನ್ನೂ ಮಕ್ಕಳ ಜೇಬನ್ನೂ ಖಾಲಿ ಮಾಡಿ. ಏನಾದರೂ ಬಿದ್ದರೆ, ಅದು ಎಷ್ಟೇ ಬೆಲೆಯದಾಗಿರಲಿ, ಬೇಲಿ ದಾಟಬೇಡಿ, ಸಿಬ್ಬಂದಿಗೆ ಹೇಳಿ. ಲಾಕರಿಗೆ ಬಾಡಿಗೆ ಕೇಳಿದರೆ, ಹೊರಗೆ ಬರುವಾಗ ದೂರು ಪುಸ್ತಕ ತರಿಸಿ ಅದು ಉಚಿತವಾಗಿರಬೇಕೆಂದು ಬರೆದು ಬನ್ನಿ.